‘ನಿಮ್ಮ ಬಗ್ಗೆ ಸ್ವಲ್ಪ ಹೇಳಿ’ ಅಂದರೆ ಅಪ್ಪನ ಕೆಲಸದಿಂದ ಶುರು ಮಾಡಬೇಕಾ?

ನಿದ್ದೆಗೆಟ್ಟಗೂಬೆ

ಎಲ್ಲರಿಗೂ ನಮಸ್ಕಾರ. ವಿಷಯ ಚಿಕ್ಕದು, ಆದರೆ ಮೂರು ದಿನದಿಂದ ತಲೆ ತಿನ್ನುತ್ತಿದೆ.

ಹೊಸ ಕೆಲಸಕ್ಕೆ ಸೇರಿದ್ದೇನೆ. ತಂಡದಲ್ಲಿ ಹದಿನೈದು ಜನ. ಎಲ್ಲರೂ ಅವರವರ ಮನೆಯಿಂದಲೇ ಕೆಲಸ ಮಾಡುವವರು. ದನಿ ಗೊತ್ತು, ಮನುಷ್ಯ ಗೊತ್ತಿಲ್ಲ. ಅದಕ್ಕೆ ‘ಕುಟುಂಬ, ಹವ್ಯಾಸ ಎಲ್ಲ ಸೇರಿಸಿ ಅರ್ಧ ಪುಟ ಪರಿಚಯ ಬರೆದು ಕಳಿಸಿ’ ಎಂದಿದ್ದಾರೆ. ಸೋಮವಾರ ಬೆಳಗ್ಗೆ ಕೊಡಬೇಕು.

ನಾನು ಬರೆದದ್ದು ಇದು:

“ನನಗೆ 24 ವರ್ಷ. ನಮ್ಮದು ಐದು ಜನರ ಕುಟುಂಬ. ತಂದೆ ವೈರಿಂಗ್ ಕೆಲಸ ಮಾಡುತ್ತಾರೆ. ತಾಯಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಾರೆ. ತಂಗಿ ಓದುತ್ತಿದ್ದಾಳೆ. ಅಜ್ಜಿ ನಮ್ಮ ಜೊತೆಗೇ ಇದ್ದಾರೆ. ನನ್ನ ಹವ್ಯಾಸಗಳು ಕಂಪ್ಯೂಟರ್ ಮತ್ತು ಅನಿಮೆ. ಹೊಸ ವಿಷಯ ಕಲಿಯಲು ಇಷ್ಟ. ಧನ್ಯವಾದಗಳು.”

ಓದಿದರೆ ನನಗೇ ಆಕಳಿಕೆ ಬರುತ್ತದೆ. ಯಾವುದೋ ಅರ್ಜಿ ತುಂಬಿದ ಹಾಗಿದೆ. ಜೊತೆಗೆ ಎರಡು ಅಳುಕು. ಅನಿಮೆ (ಜಪಾನಿನ ಆನಿಮೇಷನ್ ಚಿತ್ರಗಳು) ಎಂದು ಬರೆದರೆ ‘ಇಷ್ಟು ದೊಡ್ಡವನಾದರೂ ಕಾರ್ಟೂನ್ ನೋಡ್ತಾನೆ’ ಅಂದುಕೊಳ್ಳುತ್ತಾರಾ? ಕಂಪ್ಯೂಟರ್ ಎಂದು ಬರೆದರೆ ಅದೂ ವಿಚಿತ್ರ. ಹದಿನೈದು ಜನರೂ ದಿನವಿಡೀ ಕಂಪ್ಯೂಟರ್ ಮುಂದೆಯೇ ಕೂರುವವರು. ಮೀನು ಬಂದು ‘ನನ್ನ ಹವ್ಯಾಸ ಈಜು’ ಅಂದ ಹಾಗಾಗುತ್ತದೆ.

ಏನು ಮಾಡಲಿ?

ಹಳೇಮಾನಿಟರ್

ತಮ್ಮಾ, ತಪ್ಪು ತಿಳಿಯಬೇಡ. ನಾನು ನಿವೃತ್ತಿಗೆ ಹತ್ತಿರ ಇರುವವನು. ಇಂಥ ಪರಿಚಯ ನೂರಾರು ಓದಿದ್ದೇನೆ. ಓದಿದ್ದೇನೆ ಅನ್ನುವುದೂ ಸುಳ್ಳು, ಕಣ್ಣಾಡಿಸಿದ್ದೇನೆ ಅಷ್ಟೇ. ಎಲ್ಲರದೂ ಒಂದೇ ಅಚ್ಚು. ಹೆಸರು ಬದಲಿಸಿದರೆ ಪಕ್ಕದವನಿಗೂ ಆಗುತ್ತದೆ.

ಮೊದಲು ‘ಹೊಸ ವಿಷಯ ಕಲಿಯಲು ಇಷ್ಟ’ ತೆಗೆದುಹಾಕು. ‘ನನಗೆ ಕಲಿಯಲು ಇಷ್ಟವಿಲ್ಲ’ ಎಂದು ಇದುವರೆಗೆ ಯಾರೂ ಬರೆದಿಲ್ಲ. ಎಲ್ಲರೂ ಹೇಳುವ ಮಾತು ಯಾರ ಪರಿಚಯವೂ ಅಲ್ಲ.

ಕುಟುಂಬದ ಸಾಲು ಇರಲಿ, ಅದು ಬೇಕೇ ಬೇಕು. ಮನುಷ್ಯ ಎಲ್ಲಿಂದ ಬಂದ ಅನ್ನುವುದು ಗೊತ್ತಾಗದೆ ಮನುಷ್ಯ ಗೊತ್ತಾಗುವುದಿಲ್ಲ.

ಈಗ ಒಂದು ಪ್ರಶ್ನೆ. ಕಂಪ್ಯೂಟರ್ ಹವ್ಯಾಸ ಅಂದರೆ ಏನು? ಆಟ ಆಡ್ತೀಯಾ? ಪ್ರೋಗ್ರಾಂ ಬರೀತೀಯಾ? ಬಿಚ್ಚಿ ಜೋಡಿಸ್ತೀಯಾ? ಮೂರೂ ಬೇರೆ ಬೇರೆ ಜಾತಿಯ ಹುಚ್ಚು.

ನಿದ್ದೆಗೆಟ್ಟಗೂಬೆ

ಬಿಚ್ಚುವುದೇ ಜಾಸ್ತಿ ಸರ್. ಜೋಡಿಸಿದ ಮೇಲೆ ಒಂದೆರಡು ಸ್ಕ್ರೂ ಮಿಗುತ್ತವೆ, ಅದು ಬೇರೆ ಮಾತು.

ಇದು ಶುರುವಾದದ್ದು ನಾನು ಹೈಸ್ಕೂಲಿನಲ್ಲಿದ್ದಾಗ. ಯಾರೋ ಬೇಡವೆಂದು ಕೊಟ್ಟ ಹಳೇ ಕಂಪ್ಯೂಟರ್ ಮನೆಗೆ ಬಂತು. ಅದಕ್ಕೊಂದು ಕಾಯಿಲೆ. ಪ್ಲಗ್ ತೆಗೆದು ಮತ್ತೆ ಹಾಕಿದರೆ ಸಾಕು, ದಿನಾಂಕ ಎಷ್ಟೋ ವರ್ಷ ಹಿಂದಕ್ಕೆ ಓಡಿಹೋಗುತ್ತಿತ್ತು. ದಿನಾಂಕ ತಪ್ಪಾದರೆ ಏನಂತೆ ಅಂದುಕೊಂಡಿದ್ದೆ. ಆದರೆ ಇಂಟರ್ನೆಟ್‌ನಲ್ಲಿ ಒಂದು ಪುಟವೂ ತೆರೆಯುತ್ತಿರಲಿಲ್ಲ. ‘ಸುರಕ್ಷಿತವಲ್ಲ’ ಎನ್ನುತ್ತಿತ್ತು. ಕಾರಣ ಆಮೇಲೆ ಗೊತ್ತಾಯಿತು. ಪ್ರತಿ ಜಾಲತಾಣದ ಪ್ರಮಾಣಪತ್ರಕ್ಕೂ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿ ಇರುತ್ತದೆ. ನಮ್ಮ ಕಂಪ್ಯೂಟರ್ ಪ್ರಕಾರ ಆ ದಿನ ಇನ್ನೂ ಬಂದೇ ಇರಲಿಲ್ಲ!

ಒಂದು ವಾರ ಒದ್ದಾಡಿದೆ. ಆಪರೇಟಿಂಗ್ ಸಿಸ್ಟಂ ಎರಡು ಸಲ ಹೊಸದಾಗಿ ಹಾಕಿದೆ. ಅಪ್ಪ ಕೆಲಸ ಮುಗಿಸಿ ಬಂದು ಹಿಂದೆ ನಿಂತು ನೋಡುತ್ತಿದ್ದರು. ಅವರಿಗೆ ಮೌಸ್ ಹಿಡಿಯಲೂ ಬರುವುದಿಲ್ಲ. ಒಂದು ದಿನ ಕೇಳಿದರು, “ಕರೆಂಟ್ ಇಲ್ಲದಾಗ ಇದಕ್ಕೆ ಟೈಮ್ ಹೇಗೆ ಗೊತ್ತಾಗುತ್ತೋ?” ನಾನು ಸುಮ್ನಿದ್ದೆ. “ಗೋಡೆ ಗಡಿಯಾರ ನಿಂತರೆ ಮೊದಲು ಏನು ನೋಡ್ತೀಯ? ಸೆಲ್ಲು ತಾನೇ? ಇದರಲ್ಲೂ ಎಲ್ಲೋ ಒಂದು ಸೆಲ್ಲು ಇರಲೇಬೇಕು, ಬಿಚ್ಚು.”

ಪ್ಲಗ್ ತೆಗೆದು ಬಿಚ್ಚಿದೆವು. ಮದರ್‌ಬೋರ್ಡ್ ಮೇಲೆ ಧೂಳಿನ ಅಡಿಯಲ್ಲಿ ನಾಣ್ಯದಂಥ ಒಂದು ಬ್ಯಾಟರಿ. ಅಪ್ಪ ತಮ್ಮ ಟೆಸ್ಟರ್ ಸ್ಕ್ರೂಡ್ರೈವರ್ ತುದಿಯಿಂದ ಪಕ್ಕದ ಕ್ಲಿಪ್ಪನ್ನು ಮೆಲ್ಲಗೆ ಒತ್ತಿದರು. ಬ್ಯಾಟರಿ ಟಪ್ ಎಂದು ಮೇಲೆದ್ದಿತು. ಮಲ್ಟಿಮೀಟರ್ ಇಟ್ಟರು. 3 ವೋಲ್ಟ್ ಇರಬೇಕಾದ್ದು ಎರಡಕ್ಕೂ ಬರಲಿಲ್ಲ. ಮೇಲೆ ಸಿಆರ್ 2032 ಎಂದು ಬರೆದಿತ್ತು. ಆ ಸಂಖ್ಯೆಯ ಅರ್ಥ ಹುಡುಕಿದೆ. 20 ಅಂದರೆ ಅಗಲ 20 ಮಿಲಿಮೀಟರ್, 32 ಅಂದರೆ ದಪ್ಪ 3.2 ಮಿಲಿಮೀಟರ್.

ಹೊಸದು ಹಾಕಿದೆವು. ಗಡಿಯಾರ ನಿಂತಿತು. ಅಂದರೆ, ಸರಿಯಾದ ಜಾಗದಲ್ಲಿ ನಿಂತಿತು.

ಅವತ್ತಿನಿಂದ ಹಿಡಿದ ಹುಚ್ಚು.

ಸೊನ್ನೆಒಂದು

ಇದನ್ನು ಬಿಟ್ಟು ‘ತಂದೆ ವೈರಿಂಗ್ ಕೆಲಸ ಮಾಡುತ್ತಾರೆ, ನನ್ನ ಹವ್ಯಾಸ ಕಂಪ್ಯೂಟರ್’ ಎಂದು ಬರೆದಿದ್ದೀರಲ್ಲ ಮಾರಾಯ್ರೇ! ನಿಮ್ಮ ಪರಿಚಯ ಇಲ್ಲೇ ಇದೆ.

ಹಳೇಮಾನಿಟರ್

ಅದೇ ನಾನೂ ಹೇಳಲು ಹೊರಟದ್ದು. ಮನೆಯ ವಿಷಯ ಒಂದು ಕಡೆ, ಹವ್ಯಾಸ ಇನ್ನೊಂದು ಕಡೆ ಇಟ್ಟಿದ್ದೀಯ. ಎರಡೂ ಸೇರುವ ಜಾಗ ಆ ಸೆಲ್ಲು.

ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಮಾಡಿದ ಲೀನಸ್ ಟೊರ್ವಾಲ್ಡ್ಸ್ ಗೊತ್ತಲ್ಲ? ಅವರ ತಾಯಿಯ ತಂದೆ ಹೆಲ್ಸಿಂಕಿ ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರದ ಪ್ರೊಫೆಸರ್. ಲೆಕ್ಕಕ್ಕೆಂದು ಒಂದು ಕಮೊಡೋರ್ ವಿಕ್-20 ಕಂಪ್ಯೂಟರ್ ತಂದಿಟ್ಟುಕೊಂಡಿದ್ದರು. ತಾವು ಕಾಗದದ ಮೇಲೆ ಪ್ರೋಗ್ರಾಂ ಬರೆಯುತ್ತಿದ್ದರು, ಮೊಮ್ಮಗನ ಕೈಲಿ ಟೈಪ್ ಮಾಡಿಸುತ್ತಿದ್ದರು. ಹುಡುಗ ಕಲಿತದ್ದು ಹಾಗೆ, ತಾತನ ತೊಡೆಯ ಮೇಲೆ.

ಆಮೇಲಿನದು ಇನ್ನೂ ಚೆನ್ನಾಗಿದೆ. 1991ರ ಆಗಸ್ಟ್ 25ರಂದು, 21 ವರ್ಷದ ಆ ಹುಡುಗ ತಾನು ಮಾಡುತ್ತಿರುವ ಆಪರೇಟಿಂಗ್ ಸಿಸ್ಟಂ ಬಗ್ಗೆ ಬೇರೆ ಹವ್ಯಾಸಿಗಳಿಗೆ ತಿಳಿಸಿ ಬರೆದ. ಇದು ಬರೀ ಹವ್ಯಾಸ, ದೊಡ್ಡದೇನೂ ಆಗುವುದಿಲ್ಲ ಎಂಬ ಅರ್ಥದ ಮಾತು ಅದರಲ್ಲಿದೆ. ಈಗ ಜಗತ್ತಿನ ಅತಿ ವೇಗದ 500 ಸೂಪರ್‌ಕಂಪ್ಯೂಟರ್‌ಗಳ ಪಟ್ಟಿ ತೆಗೆದರೆ ಅಷ್ಟೂ ಲಿನಕ್ಸ್. ನಿನ್ನ ಜೇಬಿನಲ್ಲಿ ಆಂಡ್ರಾಯ್ಡ್ ಫೋನ್ ಇದ್ದರೆ ಅದರೊಳಗೂ ಅದೇ.

ಹವ್ಯಾಸ ಎಂಬ ಪದ ಬರೆಯಲು ನಾಚಬೇಡ.

ತೂಕಡಿಕೆ

ಲೀನಸ್‌ಗೆ ತಾತನ ವಿಕ್-20 ಸಿಕ್ಕಿತು. ನನ್ನ ತಾತ ನಾನು ಕಂಪ್ಯೂಟರ್ ಆನ್ ಮಾಡಿದ ತಕ್ಷಣ ಬಂದು ಫ್ಯಾನ್ ಆಫ್ ಮಾಡುತ್ತಿದ್ದರು. ಎರಡೂ ಒಟ್ಟಿಗೆ ಓಡಿದರೆ ಫ್ಯೂಸ್ ಹೋಗುತ್ತದಂತೆ. ನಾನು ಯಾವ ಆಪರೇಟಿಂಗ್ ಸಿಸ್ಟಂ ಕೂಡ ಮಾಡದಿರಲು ಇದೇ ಕಾರಣ.

ನೀಲಿಕೊಡೆ

ಕಂಪ್ಯೂಟರ್ ಮಾತು ಮುಗಿಯಿತಾ? ಅನಿಮೆಗೆ ಬರೋಣ. ಗೂಬೆಯವರೇ, ‘ಕಾರ್ಟೂನ್ ಅಂದುಕೊಳ್ಳುತ್ತಾರಾ’ ಎಂಬ ಅಳುಕು ನನಗೆ ಚೆನ್ನಾಗಿ ಗೊತ್ತು. ನನಗೀಗ ಮೂವತ್ತೈದು. ಮಗಳನ್ನು ಮಲಗಿಸಿ ನೋಡುತ್ತೇನೆ. ಅವಳಿಗೆ ಗೊತ್ತಾದರೆ ರಿಮೋಟ್ ಹೋಯಿತು ಅಂತಲೇ ಲೆಕ್ಕ.

ಒಂದು ಸ್ವಾರಸ್ಯ ಹೇಳುತ್ತೇನೆ. ಅನಿಮೆ ಹುಚ್ಚರಿಗೆ ‘ಒಟಾಕು’ ಎನ್ನುತ್ತಾರಲ್ಲ, ಆ ಪದದ ಮೂಲ ಅರ್ಥ ಏನು ಗೊತ್ತಾ? ‘ನಿಮ್ಮ ಮನೆ’! ತಾಕು ಅಂದರೆ ಮನೆ, ಮುಂದಿನ ‘ಒ’ ಗೌರವಕ್ಕೆ. ಜಪಾನೀ ಭಾಷೆಯಲ್ಲಿ ಎದುರಿನವರನ್ನು ತುಂಬ ಮರ್ಯಾದೆಯಿಂದ, ಸ್ವಲ್ಪ ದೂರ ಇಟ್ಟು ‘ತಾವು’ ಅನ್ನಲು ಈ ಪದ ಬಳಸುತ್ತಿದ್ದರು. ನಾವು ಗಂಡನನ್ನೋ ಹೆಂಡತಿಯನ್ನೋ ‘ನಮ್ಮ ಮನೆಯವರು’ ಅನ್ನುವುದಿಲ್ವಾ? ಮನೆಯ ಹೆಸರಲ್ಲಿ ಮನುಷ್ಯನನ್ನು ಕರೆಯುವುದು. ಹೆಚ್ಚುಕಡಿಮೆ ಹಾಗೇ. ಅನಿಮೆ, ಮಾಂಗಾ (ಜಪಾನಿನ ಚಿತ್ರಕಥೆ ಪುಸ್ತಕ) ಇಷ್ಟಪಡುವ ಹುಡುಗರು ಒಬ್ಬರಿಗೊಬ್ಬರು ಹೀಗೆ ‘ತಾವು, ತಾವು’ ಎಂದು ಮಾತಾಡಿಕೊಳ್ಳುತ್ತಿದ್ದರು. 1983ರಲ್ಲಿ ನಾಕಾಮೊರಿ ಅಕಿಯೊ ಎಂಬ ಬರಹಗಾರ ಒಂದು ಪತ್ರಿಕೆಯಲ್ಲಿ ಇದನ್ನು ಆಡಿಕೊಂಡು ಬರೆದರು. ಅಲ್ಲಿಂದ ಅದು ಅವರ ಹೆಸರೇ ಆಗಿಹೋಯಿತು.

ಅಂದರೆ ನೀವು ‘ನಾನು ಒಟಾಕು’ ಎಂದರೆ, ಪದ ಬಿಡಿಸಿ ನೋಡಿದರೆ, ‘ನಾನು ನಿಮ್ಮ ಮನೆ’ ಎಂದ ಹಾಗೆ. ಕುಟುಂಬದ ಸಾಲೂ ಆಯಿತು, ಹವ್ಯಾಸದ ಸಾಲೂ ಆಯಿತು. ತಮಾಷೆಗೆ ಹೇಳಿದೆ, ಬರೆದುಬಿಡಬೇಡಿ.

ನಿಜವಾದ ಸಲಹೆ ಇಷ್ಟು. ನೋಡಿದ ಅನಿಮೆಗಳ ಪಟ್ಟಿ ಕೊಡಬೇಡಿ. ಗೊತ್ತಿಲ್ಲದವರಿಗೆ ಅದು ಬರೀ ಹೆಸರುಗಳ ಸಾಲು. ಗೊತ್ತಿರುವವರು ‘ಅಯ್ಯೋ, ಇದನ್ನು ನೋಡಿಲ್ವಾ?’ ಎಂದು ಜಗಳಕ್ಕೆ ಬರುತ್ತಾರೆ. ಯಾರ ಜೊತೆ ನೋಡುತ್ತೀರಿ, ಎಲ್ಲಿ ನಗು ಬಂತು, ಅದನ್ನು ಹೇಳಿ.

ನಿದ್ದೆಗೆಟ್ಟಗೂಬೆ

ಮೇಡಂ, ಯಾರ ಜೊತೆ ಎಂದು ಕೇಳಿದಿರಲ್ಲ. ಅಜ್ಜಿ ಜೊತೆ.

ಅಜ್ಜಿಗೆ ಕಣ್ಣು ಮಂಜು. ಸಬ್‌ಟೈಟಲ್ ಓದಲಾಗುವುದಿಲ್ಲ. ಓದಿದರೂ ಅದು ಇಂಗ್ಲಿಷ್. ಹಾಗಾಗಿ ನಾನು ಪಕ್ಕದಲ್ಲಿ ಕೂತು ಕನ್ನಡದಲ್ಲಿ ಹೇಳುತ್ತಾ ಹೋಗುತ್ತೇನೆ. ಮೊದಮೊದಲು ಬರೀ ಅರ್ಥ ಹೇಳುತ್ತಿದ್ದೆ. ಅಜ್ಜಿ ಬೈದರು. “ಅವನು ಕಿರುಚ್ತಾ ಇದ್ದಾನೆ, ನೀನು ನಿದ್ದೆಗಣ್ಣಲ್ಲಿ ಹೇಳ್ತೀಯಲ್ಲ.” ಈಗ ರಾಕ್ಷಸನಿಗೆ ಒಂದು ದನಿ, ಹುಡುಗಿಗೆ ಒಂದು ದನಿ, ಮುದುಕನಿಗೆ ಒಂದು ದನಿ. ಒಂದು ಕಂತು 24 ನಿಮಿಷ. ಮುಗಿಯುವಷ್ಟರಲ್ಲಿ ಗಂಟಲು ಒಣಗಿರುತ್ತದೆ. ತಂಗಿ ಇದಕ್ಕೆ ‘ಅಜ್ಜಿ ಡಬ್ಬಿಂಗ್’ ಎಂದು ಹೆಸರಿಟ್ಟಿದ್ದಾಳೆ.

ಒಂದು ದಿನ ಒಂದು ದೃಶ್ಯದಲ್ಲಿ ಹುಡುಗಿ ಕಿಟಕಿ ಪಕ್ಕ ನಿಂತಿದ್ದಳು. ಸುಮಾರು ಹೊತ್ತು ಹಾಗೇ. ಅಜ್ಜಿ ಕೇಳಿದರು, “ಇವಳಿಗೇನಾಯ್ತೋ? ಮಿಸುಕಾಡ್ತಾನೇ ಇಲ್ಲ. ಟಿವಿ ಕೆಟ್ಟಿತಾ?”

ಟಿವಿ ಕೆಟ್ಟಿರಲಿಲ್ಲ. ನಾನು ನನ್ನ ಜಾಣತನ ತೋರಿಸಿದೆ. ಸಿನಿಮಾದಲ್ಲಿ ಒಂದು ಸೆಕೆಂಡಿಗೆ 24 ಚೌಕಟ್ಟು ಓಡುತ್ತವೆ ಅಜ್ಜಿ. ಅಷ್ಟಕ್ಕೂ ಬೇರೆ ಬೇರೆ ಚಿತ್ರ ಬರೆಯಲು ಹೋದರೆ ಕೈ ಬಿದ್ದುಹೋಗುತ್ತದೆ. ಅದಕ್ಕೆ ಟಿವಿ ಅನಿಮೆಯಲ್ಲಿ ಎಷ್ಟೋ ಕಡೆ ಒಂದೇ ಚಿತ್ರವನ್ನು ಮೂರು ಚೌಕಟ್ಟಿನವರೆಗೆ ಎಳೆಯುತ್ತಾರೆ. ಸೆಕೆಂಡಿಗೆ ಎಂಟು ಚಿತ್ರ ಸಾಕಾಗುತ್ತದೆ. ಮಾತಾಡುವಾಗ ಮುಖ ಹಾಗೇ ಇರುತ್ತದೆ, ಬಾಯಿಯ ಎರಡು ಮೂರು ಆಕಾರ ಮಾತ್ರ ಬದಲಾಗುತ್ತದೆ. 1963ರಲ್ಲಿ ಟೆಜುಕಾ ಒಸಾಮು ಎಂಬುವರು ವಾರಕ್ಕೊಂದು ಅರ್ಧ ಗಂಟೆಯ ಕಂತು ಕೊಡಲು ಹೊರಟಾಗ ಇಂಥ ಉಳಿತಾಯದ ದಾರಿಗಳನ್ನೇ ಹಿಡಿದರು. ಇವಳು ನಿಂತಿರುವುದೂ ಅದಕ್ಕೇ. ದುಡ್ಡು ಉಳಿಸಲು.

ಅಜ್ಜಿ “ಓಹೋ” ಎಂದರು. ಅಷ್ಟೇ.

ಅಮ್ಮನದು ಬೇರೆ ಲೋಕ. ಹೊಲಿಗೆ ಯಂತ್ರದ ಹಿಂದಿನಿಂದ ಒಮ್ಮೆ ಕತ್ತೆತ್ತಿ ನೋಡುತ್ತಾರೆ. “ಅಷ್ಟು ಜೋರಾಗಿ ಓಡ್ತಾಳೆ, ಲಂಗದ ನೆರಿಗೆ ಒಂದೂ ಕೆಡಲ್ಲ” ಎಂದು ಮತ್ತೆ ತುಳಿಯಲು ಶುರು.

ನೀಲಿಕೊಡೆ

‘ಅಜ್ಜಿ ಡಬ್ಬಿಂಗ್’! ಇದನ್ನು ಬರೆಯದೆ ಬಿಟ್ಟರೆ ನಾನೇ ನಿಮ್ಮ ತಂಡಕ್ಕೆ ಪತ್ರ ಹಾಕುತ್ತೇನೆ.

ನಿಮ್ಮಮ್ಮ ಹೇಳಿದ್ದು ಸರಿ. ನೆರಿಗೆ ಕೆಡಬೇಕು ಎಂದರೆ ಪ್ರತಿ ಚಿತ್ರದಲ್ಲೂ ಪ್ರತಿ ಗೆರೆಯನ್ನೂ ಹೊಸದಾಗಿ ಎಳೆಯಬೇಕು. ಆದಷ್ಟೂ ಗೆರೆ ಕಡಿಮೆ ಇಡುವುದು ಅವರ ಕೆಲಸದ ಗುಟ್ಟು. ಹೊಲಿಯುವವರ ಕಣ್ಣಿಗೆ ಮಾತ್ರ ಬೀಳುವ ತಪ್ಪು ಅದು.

ಮನೆಯ ಕಸುಬು ಹೇಗೆ ಕಣ್ಣಿಗೆ ಅಂಟಿಕೊಳ್ಳುತ್ತದೆ ನೋಡಿ. ಅನಿಮೆ ಚಿತ್ರಗಳ ನಿರ್ದೇಶಕ ಮಿಯಾಝಾಕಿ ಹಯಾವೊ ಅವರ ಮನೆಯವರದ್ದು ವಿಮಾನದ ಬಿಡಿಭಾಗ ಮಾಡುವ ಕಾರ್ಖಾನೆ. ಎರಡನೇ ಮಹಾಯುದ್ಧದಲ್ಲಿ ಜಪಾನಿನ ಯುದ್ಧವಿಮಾನಗಳಿಗೆ ಬಾಲದ ಚುಕ್ಕಾಣಿ ಮಾಡಿಕೊಡುತ್ತಿದ್ದರು. ಅವರ ಚಿತ್ರಗಳಲ್ಲಿ ಯಾವಾಗ ನೋಡಿದರೂ ಏನಾದರೊಂದು ಹಾರುತ್ತಿರುತ್ತದೆ. 1985ರಲ್ಲಿ ಶುರುವಾದ ಅವರ ಸ್ಟುಡಿಯೊಗೆ ಇಟ್ಟ ‘ಗಿಬ್ಲಿ’ ಹೆಸರು ಕೂಡ ಒಂದು ಇಟಾಲಿಯನ್ ವಿಮಾನದ್ದು. ಅಸಲಿಗೆ ಮರುಭೂಮಿಯ ಬಿಸಿಗಾಳಿಗೆ ಇರುವ ಹೆಸರು ಅದು.

ಕಿಟಕಿಪಕ್ಕ

ಎಲ್ಲರದೂ ಓದಿ ಖುಷಿಯಾಯಿತು. ಆದರೆ ಒಂದು ಮಾತು ಹೇಳದೆ ಹೋಗಲಾರೆ. ಹಳೇಮಾನಿಟರ್ ಸರ್, ‘ಕುಟುಂಬದ ಸಾಲು ಬೇಕೇ ಬೇಕು’ ಎಂದಿರಿ. ಆ ಸಾಲು ಎಲ್ಲರ ಹತ್ತಿರವೂ ಇರುವುದಿಲ್ಲ.

ನಾನು ಆರನೇ ತರಗತಿಯಿಂದ ಹಾಸ್ಟೆಲ್‌ಗಳಲ್ಲೇ ಬೆಳೆದವಳು. ಅಪ್ಪ ಅಮ್ಮ ಬೇರೆಯಾದರು, ಆಮೇಲೆ ಇಬ್ಬರೂ ಅವರವರ ದಾರಿ ಹಿಡಿದರು. ಅದಕ್ಕಿಂತ ಜಾಸ್ತಿ ಇಲ್ಲಿ ಬೇಡ. ಪ್ರತಿ ವರ್ಷ ಹೊಸ ತರಗತಿಯ ಮೊದಲ ದಿನ ಒಬ್ಬೊಬ್ಬರೇ ಎದ್ದು ನಿಂತು ಹೇಳಬೇಕಿತ್ತು. ಹೆಸರು, ತಂದೆ ಏನು ಮಾಡುತ್ತಾರೆ, ತಾಯಿ ಏನು ಮಾಡುತ್ತಾರೆ. ನಾನು ಬೆಂಚು ಎಣಿಸುತ್ತಿದ್ದೆ. ಇನ್ನು ಏಳು ಬೆಂಚು, ಇನ್ನು ಐದು. ನನ್ನ ಸರದಿ ಬರುವುದರೊಳಗೆ ಗಂಟೆ ಹೊಡೆಯಲಿ ಎಂದು ಕಾಯುತ್ತಿದ್ದೆ. ಒಂದೇ ಒಂದು ವರ್ಷ ಹೊಡೆಯಿತು. ಉಳಿದ ವರ್ಷ ಏನೋ ಒಂದು ಸುಳ್ಳು. ಒಂದು ವರ್ಷ ಅಪ್ಪನನ್ನು ಪೈಲಟ್ ಮಾಡಿದ್ದೆ. ಆಮೇಲೆ ಎಲ್ಲರೂ ವಿಮಾನದ ಬಗ್ಗೆ ಕೇಳಲು ಶುರು ಮಾಡಿ ಪೇಚಿಗೆ ಸಿಕ್ಕಿಕೊಂಡೆ.

ಪರಿಚಯ ಕೇಳುವವರಿಗೆ ಇದು ಸಣ್ಣ ಪ್ರಶ್ನೆ. ಕೊಡುವವರಿಗೆ ಯಾವಾಗಲೂ ಸಣ್ಣದಲ್ಲ.

ಹಳೇಮಾನಿಟರ್

ಇಲ್ಲಮ್ಮ, ನಾನು ಹೇಳಿದ ಅರ್ಥ ಅದಲ್ಲ. ಯಾರನ್ನೂ ನೋಯಿಸಲು ಹೇಳಿದ್ದಲ್ಲ. ಬೇರು ಗೊತ್ತಿದ್ದರೆ ಮರ ಗೊತ್ತಾಗುತ್ತದೆ ಎಂದು ನಾವು ಹಿಂದಿನಿಂದ ಅಂದುಕೊಂಡು ಬಂದವರು.

ಕಿಟಕಿಪಕ್ಕ

ನೋವಾಗಿಲ್ಲ ಸರ್. ಆದರೆ ಮರ ತಾನಾಗಿ ತೋರಿಸಿದರೆ ಸರಿ, ಅಗೆದು ನೋಡುವುದು ಬೇಡ ಅಂದೆ ಅಷ್ಟೇ.

ಹಳೇಮಾನಿಟರ್

ರಾತ್ರಿಯೆಲ್ಲ ಇದನ್ನೇ ಯೋಚಿಸಿದೆ. ನಾನು ಹುಡುಗರ ಸಂದರ್ಶನ ಮಾಡುವಾಗ ಮೊದಲ ಪ್ರಶ್ನೆಯೇ ‘ತಂದೆ ಏನು ಮಾಡ್ತಾರೆ?’ ಎದುರಿನವರಿಗೆ ಧೈರ್ಯ ಬರಲಿ ಎಂದು ಕೇಳುತ್ತಿದ್ದೆ, ಸುಲಭದ ಪ್ರಶ್ನೆ ಅಲ್ವಾ ಎಂದು. ಕೆಲವರು ತಡವರಿಸಿದ್ದು ಈಗ ನೆನಪಾಗುತ್ತಿದೆ. ಮಾತು ಬಾರದ ಹುಡುಗರು ಅಂದುಕೊಂಡಿದ್ದೆ.

ಹಾಗಾದರೆ ನೀನು ಈಗ ಏನು ಬರೆಯುತ್ತೀಯಮ್ಮ? ಹೇಳಬೇಕು ಅನ್ನಿಸಿದರೆ ಹೇಳು.

ಕಿಟಕಿಪಕ್ಕ

ಧಾರಾಳವಾಗಿ. ಈಗ ಸುಳ್ಳು ಹೇಳುವುದಿಲ್ಲ. “ನಮ್ಮ ಮನೆಯಲ್ಲಿ ನಾನು, ಎರಡು ಬೆಕ್ಕು, ಮತ್ತು ಮುಚ್ಚಳ ಯಾವತ್ತೂ ಪೂರ್ತಿ ಹಾಕದ ಒಂದು ಕಂಪ್ಯೂಟರ್ ಇದ್ದೇವೆ” ಎನ್ನುತ್ತೇನೆ. ಮುಚ್ಚಳ ಹಾಕದಿರುವುದು ಶೋಕಿಗಲ್ಲ. ಒಂದು ಬೆಕ್ಕು ಫ್ಯಾನಿನ ಬಿಸಿಗಾಳಿಗೆ ಬಂದು ಮಲಗುತ್ತದೆ, ವಾರಕ್ಕೊಮ್ಮೆ ಒಳಗಿನ ಕೂದಲು ತೆಗೆಯಬೇಕು.

ಕಂಪ್ಯೂಟರ್ ಕಲಿಸಿದ್ದು ಹಾಸ್ಟೆಲ್‌ನಲ್ಲಿದ್ದ ಒಬ್ಬ ಅಕ್ಕ. ನನಗಿಂತ ನಾಲ್ಕು ವರ್ಷ ದೊಡ್ಡವಳು. ಒಮ್ಮೆ ಅವಳ ಲ್ಯಾಪ್‌ಟಾಪ್ ಆನ್ ಮಾಡಿದರೆ ಪರದೆ ಕಪ್ಪು, ಒಳಗಿಂದ ಬರೀ ಬೀಪ್ ಬೀಪ್. ಅವಳು ಗಾಬರಿಯಾಗಲಿಲ್ಲ. ಚಾರ್ಜರ್ ಕಿತ್ತಳು, ಬ್ಯಾಟರಿ ತೆಗೆದಳು, ಮಂಚದ ಕಬ್ಬಿಣದ ಕಾಲನ್ನು ಒಮ್ಮೆ ಮುಟ್ಟಿದಳು. ಮೈಯಲ್ಲಿರುವ ಸ್ಥಿರ ವಿದ್ಯುತ್ತು ಇಳಿದುಹೋಗಲಿ ಎಂದು. ಆಮೇಲೆ ರ‍್ಯಾಮ್ (ಕಂಪ್ಯೂಟರಿನ ಮೆಮೊರಿ) ಪಟ್ಟಿಯನ್ನು ಅಂಚಿನಲ್ಲಿ ಹಿಡಿದು ಹೊರತೆಗೆದು, ನನ್ನ ಜಾಮಿಟ್ರಿ ಬಾಕ್ಸಿನ ರಬ್ಬರ್ ಕೇಳಿದಳು. ಬಂಗಾರದ ಬಣ್ಣದ ಹಲ್ಲುಗಳನ್ನು ಮೆಲ್ಲಗೆ ಉಜ್ಜಿದಳು, ರಬ್ಬರಿನ ಪುಡಿ ಬ್ರಷ್ಷಿನಿಂದ ಕೊಡವಿದಳು, ಮತ್ತೆ ಓರೆಯಾಗಿ ಸಿಕ್ಕಿಸಿ ಒತ್ತಿದಳು. ಟಕ್. ಪರದೆ ಬಂತು. ಆ ರಬ್ಬರಿನಲ್ಲಿ ಕಪ್ಪು ಗೆರೆ ಉಳಿದಿತ್ತು. ಎಷ್ಟೋ ದಿನ ಅದನ್ನು ಬಳಸಲಿಲ್ಲ.

ಅದೇ ಲ್ಯಾಪ್‌ಟಾಪಿನಲ್ಲಿ ಆರು ಜನ ಹುಡುಗಿಯರು ಸೇರಿ ಅನಿಮೆ ನೋಡುತ್ತಿದ್ದೆವು. ವಾರ್ಡನ್‌ಗೆ ಕೇಳಬಾರದೆಂದು ಇಯರ್‌ಫೋನ್. ಇರುವುದು ಒಂದೇ ಜೊತೆ, ಇಬ್ಬರಿಗೆ ಮಾತ್ರ ಸದ್ದು. ಉಳಿದ ನಾಲ್ವರಿಗೆ ಸಬ್‌ಟೈಟಲ್. ಐದು ನಿಮಿಷಕ್ಕೊಮ್ಮೆ ಸರದಿ ಬದಲಾಗುತ್ತಿತ್ತು. ಹೀಗಾಗಿ ಆ ಕಾಲದಲ್ಲಿ ನೋಡಿದ ಯಾವ ಅನಿಮೆಯ ಸಂಗೀತವೂ ನನಗೆ ಪೂರ್ತಿ ಗೊತ್ತಿಲ್ಲ.

ಕುಟುಂಬದ ಹಿನ್ನೆಲೆ ಎಂದು ಯಾರಾದರೂ ಕೇಳಿದರೆ ನನಗೆ ನೆನಪಾಗುವುದು ಆ ಅಕ್ಕ.

ಸೊನ್ನೆಒಂದು

ಇದಾದ ಮೇಲೆ ನಾನು ಏನು ಬರೆದರೂ ಸಪ್ಪೆ. ಬರೆಯುವುದಿಲ್ಲ.

ಬಾಗಿಲಚಿಲಕ

ನಾನು ಬರೆಯುತ್ತೇನೆ. ಬೇಜಾರಿನ ಮಾತು, ಆದರೆ ಯಾರಾದರೂ ಹೇಳಲೇಬೇಕು. ಕಂಪ್ಯೂಟರ್ ಸುರಕ್ಷತೆ ನನ್ನ ಹೊಟ್ಟೆಪಾಡು.

ಪರಿಚಯದಲ್ಲಿ ಪ್ರೀತಿಯಿಂದ ಬರೆಯುವ ಎಷ್ಟೋ ವಿಷಯಗಳು ಬೇರೆ ಕಡೆ ಬೀಗದ ಕೈಗಳು. ಪಾಸ್‌ವರ್ಡ್ ಮರೆತಾಗ ಏನು ಕೇಳುತ್ತಾರೆ? ತಾಯಿಯ ತವರಿನ ಹೆಸರು. ಓದಿದ ಮೊದಲ ಶಾಲೆ. ಸಾಕುಪ್ರಾಣಿಯ ಹೆಸರು. ಹುಟ್ಟಿದ ದಿನ. ಕಿಟಕಿಪಕ್ಕ ಅವರು ‘ಎರಡು ಬೆಕ್ಕು’ ಎಂದರೇ ಹೊರತು ಬೆಕ್ಕಿನ ಹೆಸರು ಹೇಳಲಿಲ್ಲ. ಸರಿಯಾದ ಕೆಲಸ. ನಿಮ್ಮ ಪಾಸ್‌ವರ್ಡ್‌ನಲ್ಲಿ ಇಷ್ಟದ ಅನಿಮೆ ಪಾತ್ರದ ಹೆಸರಿದ್ದರೆ (ಇದೆ ಎಂದು ನನಗೆ ಗೊತ್ತು, ನಗಬೇಡಿ) ಮೊದಲು ಪಾಸ್‌ವರ್ಡ್ ಬದಲಿಸಿ, ಆಮೇಲೆ ಪರಿಚಯ ಬರೆಯಿರಿ. ಆ ಸುರಕ್ಷತಾ ಪ್ರಶ್ನೆಗಳಿಗೆ ನಿಜವಾದ ಉತ್ತರವನ್ನೇ ಕೊಡಬೇಕೆಂಬ ಕಾನೂನೂ ಇಲ್ಲ. ನನ್ನ ಮೊದಲ ಶಾಲೆಯ ಹೆಸರು ಹದಿನೆಂಟು ಅಕ್ಷರದ ಅಸಂಬದ್ಧ.

ಇನ್ನೊಂದು. ನಿಮ್ಮ ಕಥೆ ನಿಮ್ಮದು. ಆದರೆ ಅದರೊಳಗಿನ ಅಪ್ಪ, ಅಮ್ಮ, ಅಜ್ಜಿ? ತಂಗಿ ಎಲ್ಲಿ ಓದುತ್ತಾಳೆ, ಅಜ್ಜಿಗೆ ಕಣ್ಣು ಮಂಜು, ಇವೆಲ್ಲ ಅವರ ವಿಷಯ. ಹದಿನೈದು ಜನರಿಗೆ ಕಳಿಸುವ ಮೊದಲು ಅವರನ್ನು ಒಂದು ಮಾತು ಕೇಳಿದ್ದೀರಾ?

ನಿದ್ದೆಗೆಟ್ಟಗೂಬೆ

ಕೇಳಿಲ್ಲ. ಪಾಸ್‌ವರ್ಡ್ ಬದಲಿಸಿ ಬಂದೆ. ಯಾಕೆ ಎಂದು ಕೇಳಬೇಡಿ.

ತೂಕಡಿಕೆ

ನಾನೂ.

ನಿದ್ದೆಗೆಟ್ಟಗೂಬೆ

ಭಾನುವಾರ ರಾತ್ರಿ ಹನ್ನೊಂದೂವರೆ. ಹೊಸದಾಗಿ ಬರೆದೆ. ನೋಡಿ ಹೇಳಿ.

“ನಮ್ಮ ಮನೆಯಲ್ಲಿ ಕಂಪ್ಯೂಟರ್ ಗೊತ್ತಿರುವವನು ನಾನೊಬ್ಬನೇ ಎಂದು ಬಹಳ ದಿನ ಅಂದುಕೊಂಡಿದ್ದೆ. ಆಮೇಲೆ ಒಂದು ದಿನ ನಾನು ವಾರವಿಡೀ ಒದ್ದಾಡಿದ ತೊಂದರೆಯನ್ನು ವೈರಿಂಗ್ ಕೆಲಸ ಮಾಡುವ ಅಪ್ಪ ಒಂದು ಪ್ರಶ್ನೆ ಕೇಳಿ ಬಗೆಹರಿಸಿದರು. ಗಡಿಯಾರ ನಿಂತರೆ ಮೊದಲು ಸೆಲ್ಲು ನೋಡಬೇಕಂತೆ. ಈಗಲೂ ಏನಾದರೂ ಕೆಟ್ಟರೆ ನಾನು ಮೊದಲು ಕರೆಂಟು ಬರುತ್ತಿದೆಯಾ ಎಂದು ನೋಡುತ್ತೇನೆ. ನಿಮ್ಮ ಹಳೇ ಕಂಪ್ಯೂಟರ್ ಬಿಸಾಡುವುದಿದ್ದರೆ ದಯವಿಟ್ಟು ನನಗೆ ಹೇಳಿ.

ರಾತ್ರಿ ಅಜ್ಜಿಯ ಜೊತೆ ಅನಿಮೆ ನೋಡುತ್ತೇನೆ. ಅದು ಜಪಾನೀ ಭಾಷೆಯಲ್ಲಿರುತ್ತದೆ. ಅಜ್ಜಿಗೆ ಕನ್ನಡದಲ್ಲಿ ಬೇಕು. ಹಾಗಾಗಿ ದಿನಕ್ಕೆ 24 ನಿಮಿಷ ನಾನು ರಾಕ್ಷಸ, ರಾಜಕುಮಾರಿ ಮತ್ತು ಮಾತಾಡುವ ನರಿ. ಬೆಳಗಿನ ಮೀಟಿಂಗಿನಲ್ಲಿ ನನ್ನ ದನಿ ಒಡೆದಿದ್ದರೆ ಹಿಂದಿನ ರಾತ್ರಿ ಯುದ್ಧದ ಕಂತು ಇತ್ತು ಎಂದು ತಿಳಿಯಿರಿ.

ಅನಿಮೆಯಲ್ಲಿ ಯಾರಾದರೂ ಸುಮ್ಮನೆ ನಿಂತರೆ ಅಜ್ಜಿ ‘ಟಿವಿ ಕೆಟ್ಟಿತಾ’ ಎಂದು ಕೇಳುತ್ತಾರೆ. ಚಿತ್ರ ಬರೆಯುವ ಖರ್ಚು ಉಳಿಸಲು ಹಾಗೆ ಮಾಡುತ್ತಾರೆ ಎಂದು ನಾನು ವಿವರಿಸುತ್ತೇನೆ. ತಂಡದಲ್ಲಿ ಬೇರೆ ಯಾರಿಗಾದರೂ ಈ ಹುಚ್ಚಿದ್ದರೆ ಸಿಗೋಣ.”

ಹಳೇಮಾನಿಟರ್

ಬಹಳ ಚೆನ್ನಾಗಿದೆ ತಮ್ಮಾ. ವಯಸ್ಸು ಹಾಕಿಲ್ಲ, ಎಷ್ಟು ಜನ ಎಂದು ಹಾಕಿಲ್ಲ. ಏನೂ ಕಡಿಮೆ ಆದ ಹಾಗಿಲ್ಲ.

ನೀಲಿಕೊಡೆ

ಅಮ್ಮನ ನೆರಿಗೆ ಎಲ್ಲಿ ಹೋಯಿತು?

ನಿದ್ದೆಗೆಟ್ಟಗೂಬೆ

ಅಮ್ಮ ಬೇಡ ಎಂದರು ಮೇಡಂ. ‘ನನ್ನ ಹೆಸರು ಎತ್ತಬೇಡ, ಆಮೇಲೆ ಎಲ್ಲರೂ ಬ್ಲೌಸ್ ಹೊಲಿದುಕೊಡಿ ಅಂತಾರೆ.’ ತಂಗಿಯೂ ಬೇಡ ಎಂದಳು, ಕಾರಣ ಹೇಳಲಿಲ್ಲ. ಅಪ್ಪ ‘ಏನಾದ್ರೂ ಬರ್ಕೋ’ ಎಂದರು. ಆಮೇಲೆ ಎರಡು ಸಲ ಬಂದು ‘ಸೆಲ್ಲಿನ ವಿಷಯ ಸರಿಯಾಗಿ ಬರೆದಿದ್ದೀಯಾ’ ಎಂದು ಕೇಳಿದರು. ಅಜ್ಜಿ ಮಲಗಿಬಿಟ್ಟಿದ್ದರು. ಬೆಳಗ್ಗೆ ಓದಿ ಹೇಳಿ ಆಮೇಲೆ ಕಳಿಸುತ್ತೇನೆ.

ಬಾಗಿಲಚಿಲಕ

ಒಳ್ಳೆಯದು.

ನಿದ್ದೆಗೆಟ್ಟಗೂಬೆ

ಎಲ್ಲರಿಗೂ ವರದಿ ಒಪ್ಪಿಸುವುದು ಬಾಕಿ ಇತ್ತು.

ಬೆಳಗ್ಗೆ ಏಳುವುದು ತಡವಾಯಿತು. ಹೆಸರಿಗೆ ತಕ್ಕ ಹಾಗೆ. ಗಡಿಬಿಡಿಯಲ್ಲಿ ಕಳಿಸಿಬಿಟ್ಟೆ. ಅರ್ಧ ಗಂಟೆಯೊಳಗೆ ತಂಡದ ಮೂವರು ಉತ್ತರ ಬರೆದರು. ಒಬ್ಬರ ಬಳಿ ಕೆಟ್ಟುಹೋದ ಎರಡು ಲ್ಯಾಪ್‌ಟಾಪ್ ಇವೆಯಂತೆ. ಇನ್ನೊಬ್ಬರು ಅಮ್ಮನಿಗೆ ಹೀಗೇ ಧಾರಾವಾಹಿ ಅನುವಾದ ಮಾಡಿ ಹೇಳುತ್ತಾರಂತೆ. ಮೂರನೆಯವರು ನಮ್ಮ ಮ್ಯಾನೇಜರ್. ‘ಯಾವ ನರಿ?’ ಎಂದು ಮಾತ್ರ ಕೇಳಿದ್ದಾರೆ. ಅಂದರೆ ಅವರೂ ನಮ್ಮವರೇ.

ಮಧ್ಯಾಹ್ನ ಅಜ್ಜಿಯ ಪಕ್ಕ ಕೂತು ಪೂರ್ತಿ ಓದಿ ಹೇಳಿದೆ. ರಾಕ್ಷಸನ ಜಾಗಕ್ಕೆ ಬಂದಾಗ ನಕ್ಕರು. ಕೊನೆಯ ಭಾಗಕ್ಕೆ ಬಂದಾಗ ನಗು ನಿಂತಿತು.

“ಅವಳು ನಿಂತಿದ್ದು ದುಡ್ಡು ಉಳಿಸೋಕೆ ಅಂತ ಬರೆದ್ಯಾ?”

ಹೌದು ಅಜ್ಜಿ, ಅವತ್ತು ಹೇಳಿದೆನಲ್ಲ ಎಂದೆ.

“ಅವಳ ಕೈಲಿ ಕಾಗದ ಇತ್ತಲ್ಲೋ. ಅವರಮ್ಮ ಬರೆದಿದ್ದು. ನೀನೇ ಓದಿ ಹೇಳಿದೆ. ತೀರಿಕೊಂಡ ಅಮ್ಮನ ಕಾಗದ ಓದ್ಬೇಕಾದ್ರೆ ಯಾರು ಕುಣೀತಾರೆ?”

ನಾನು ರಾತ್ರಿ ಆ ಕಂತನ್ನು ಮತ್ತೆ ಹಾಕಿ ನೋಡಿದೆ. ಹುಡುಗಿ ಹನ್ನೊಂದು ಸೆಕೆಂಡು ನಿಂತಿರುತ್ತಾಳೆ. ಎಣಿಸಿದೆ. ಕಾಗದದ ಅಂಚು ಮಾತ್ರ ಗಾಳಿಗೆ ಅಲ್ಲಾಡುತ್ತದೆ.

ಪರಿಚಯದ ಆ ಸಾಲು ತಿದ್ದಬೇಕಿತ್ತು. ಹದಿನೈದು ಜನಕ್ಕೆ ಹೋಗಿಬಿಟ್ಟಿದೆ.